ಗದ್ದಲದೊಳಗೊಂದು ಗುಟ್ಟು: 'ಸೈಕೋಕ್ಯಾಂಡಿ' ಕೇಳುತ್ತಾ

ಕೆಲವು ಆಲ್ಬಂಗಳನ್ನು ಯಾರಿಗಾದರೂ ಕೇಳಿಸುವ ಮೊದಲು ಒಂದು ಮಾತು ಹೇಳಿಬಿಡಬೇಕು: "ನಿನ್ನ ಇಯರ್‌ಫೋನ್ ಕೆಟ್ಟಿಲ್ಲಪ್ಪ, ಹಾಡೇ ಹಿಂಗೈತಿ."

ಸ್ಕಾಟ್ಲೆಂಡಿನ 'ದಿ ಜೀಸಸ್ ಅಂಡ್ ಮೇರಿ ಚೈನ್' ಬ್ಯಾಂಡಿನ ಮೊದಲ ಆಲ್ಬಂ 'ಸೈಕೋಕ್ಯಾಂಡಿ' ಅಂಥದ್ದು. 1985ರ ನವೆಂಬರಿನಲ್ಲಿ ಬಂತು. 14 ಹಾಡು, ಎಲ್ಲ ಸೇರಿ 40 ನಿಮಿಷವೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಎರಡನೇ ಹಾಡಿಗೇ ಇಯರ್‌ಫೋನ್ ಕಿತ್ತು, "ಲೇ, ಮಿಕ್ಸರ್ ಚಾಲೂ ಮಾಡಿ ಅದರ ಬಾಜೂಕ ನಿಂತು ಹಾಡಿದಂಗೈತಲ್ಲೋ" ಅಂದ. ಬೈಯೋಕೆ ಅಂತ ಆಡಿದ ಆ ಮಾತಿಗಿಂತ ಒಳ್ಳೆಯ ವಿಮರ್ಶೆ ನಾನಿನ್ನೂ ಓದಿಲ್ಲ. ಮಿಕ್ಸರಿನ ಆಚೆ ಒಬ್ಬ ಮನುಷ್ಯ ಹಾಡ್ತಿದ್ದಾನೆ, ಅದೂ ಕಿರುಚದೆ, ಮೆಲ್ಲಗೆ ಅನ್ನೋದು ಅವನಿಗೂ ಕೇಳಿಸಿತ್ತು. ಇಡೀ ಆಲ್ಬಂ ನಿಂತಿರೋದು ಅದರ ಮೇಲೇ.

ಈ ಬ್ಯಾಂಡಿನ ಕತೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರಿಗೆ ಬಿಡಿಸಿ ಹೇಳೋ ಅಗತ್ಯ ಇಲ್ಲ. ಗ್ಲಾಸ್ಗೋ ನಗರದ ಹತ್ತಿರ ಈಸ್ಟ್ ಕಿಲ್‌ಬ್ರೈಡ್ ಅಂತ ಒಂದು ಊರು. 1947ರಲ್ಲಿ ಸರ್ಕಾರವೇ ನಕ್ಷೆ ಹಾಕಿ ಬೆಳೆಸಿದ ಹೊಸ ಪಟ್ಟಣ. ಮನೆ ಇದೆ, ರಸ್ತೆ ಇದೆ, ಫ್ಯಾಕ್ಟರಿ ಇದೆ; ಹರೆಯದ ಹುಡುಗರಿಗೆ ಸಂಜೆ ಹೋಗಲು ಜಾಗ ಇಲ್ಲ. ಅಲ್ಲಿ ವಿಲಿಯಂ ರೀಡ್ ಮತ್ತು ಜಿಮ್ ರೀಡ್ ಅನ್ನೋ ಅಣ್ಣತಮ್ಮ ವರ್ಷಗಟ್ಟಲೆ ಕೆಲಸವಿಲ್ಲದೆ ಮನೆಯಲ್ಲಿ ಕೂತು ರೆಕಾರ್ಡ್ ಕೇಳಿದರು, ಜಗಳಾಡಿದರು, ಹಾಡು ಬರೆದರು. ಅಪ್ಪನ ಫ್ಯಾಕ್ಟರಿ ಕೆಲಸ ಹೋಯ್ತು. ಕೈಗೆ ಬಂದ ಪರಿಹಾರದ ದುಡ್ಡಿನಲ್ಲಿ 300 ಪೌಂಡ್ ಮಕ್ಕಳಿಗೆ ಕೊಟ್ಟ. ಅವರು ಅದರಲ್ಲಿ ಪೋರ್ಟಾಸ್ಟುಡಿಯೋ ಅನ್ನೋ, ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಮುದ್ರಿಸುವ ಯಂತ್ರ ಕೊಂಡರು. ಅಪ್ಪನ ಪಿಎಫ್ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಅಂತ ನಮ್ಮ ಮನೆಗಳಲ್ಲಿ ಎಂಥೆಂಥ ಪಂಚಾಯ್ತಿ ನಡೀತವೆ ಅನ್ನೋದು ಗೊತ್ತಿದ್ದವರಿಗೆ ಆ 300 ಪೌಂಡಿನ ತೂಕ ಗೊತ್ತಾಗುತ್ತೆ.

ಇನ್ನು ಹಾಡಿಗೆ ಬರೋಣ. ಮೊದಲನೆಯದು 'ಜಸ್ಟ್ ಲೈಕ್ ಹನಿ'. ಶುರುವಿನ ಡ್ರಮ್ ಪೆಟ್ಟು ಇವರದ್ದಲ್ಲ. 1963ರಲ್ಲಿ ಅಮೆರಿಕದ ಹುಡುಗಿಯರ ತಂಡ 'ದಿ ರೋನೆಟ್ಸ್' ಹಾಡಿದ 'ಬಿ ಮೈ ಬೇಬಿ'ಯಿಂದ ನೇರ ಎತ್ತಿಕೊಂಡಿದ್ದು. ಅದನ್ನ ಮುಚ್ಚಿಡುವ ಯೋಚನೆಯೂ ಇಲ್ಲ. ಅದರ ಮೇಲೆ ನಿಧಾನವಾದ, ಜೇನಿನಂಥದೇ ಒಂದು ರಾಗ. ಆಮೇಲೆ ಗಿಟಾರ್ ಬರುತ್ತೆ, ಅದು ಗಿಟಾರಿನ ಹಾಗಿರೋದಿಲ್ಲ. ತಗಡಿನ ಶೀಟಿನ ಮೇಲೆ ಜೋರು ಮಳೆ ಬಿದ್ದ ಹಾಗೆ. ಸೋಫಿಯಾ ಕೊಪೊಲಾಳ 'ಲಾಸ್ಟ್ ಇನ್ ಟ್ರಾನ್ಸ್‌ಲೇಶನ್' (2003) ಸಿನಿಮಾದ ಕೊನೆಯಲ್ಲಿ ಈ ಹಾಡನ್ನು ನೀವು ಕೇಳಿರಬಹುದು.

ಎರಡನೇ ಹಾಡಿನಿಂದ ಆ ಮಳೆಗೆ ಆಲಿಕಲ್ಲು ಸೇರುತ್ತೆ. ಊರ ಜಾತ್ರೆಯ ಸ್ಟೇಜಿನಲ್ಲಿ ಮೈಕ್ ಸ್ಪೀಕರಿನ ಎದುರಿಗೆ ಬಂದಾಗ 'ಕುಂಯ್' ಅಂತ ಕೂಗುತ್ತಲ್ಲ, ಫೀಡ್‌ಬ್ಯಾಕ್ ಅಂದ್ರೆ ಅದೇ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು ಸುತ್ತುತ್ತಲೇ ಬೆಳೆಯುವ ಕೂಗು. ಮೈಕಿನವ ಓಡಿಬಂದು ನಿಲ್ಲಿಸುವ ಆ ಸದ್ದನ್ನ ವಿಲಿಯಂ ರೀಡ್ ಗಿಟಾರಿನಲ್ಲಿ ಬೇಕೆಂದೇ ಎಬ್ಬಿಸಿ ಹಾಡಿನ ಉದ್ದಕ್ಕೂ ಹರಿಯೋಕೆ ಬಿಟ್ಟ. ಉಳಿದ ಸರಂಜಾಮು ಬಹಳ ಕಡಿಮೆ. ಬಾಬಿ ಗಿಲೆಸ್ಪಿ ನಿಂತುಕೊಂಡೇ ಎರಡೇ ಡ್ರಮ್ ಬಾರಿಸ್ತಾನೆ. ಡಗ್ಲಸ್ ಹಾರ್ಟ್‌ನ ಬೇಸ್ ಗಿಟಾರಿಗೆ ಎರಡೇ ತಂತಿ. ರಾಗಗಳೂ ಸರಳ, ಗದ್ದಲ ತೆಗೆದುಬಿಟ್ಟರೆ ಅರವತ್ತರ ದಶಕದ ರೇಡಿಯೋದಲ್ಲಿ ಬರಬಹುದಾಗಿದ್ದ ಪ್ರೇಮದ ಹಾಡುಗಳು.

ಹಾಗಾದ್ರೆ ಗದ್ದಲ ಯಾಕೆ ಬೇಕಿತ್ತು? ಈ ಪ್ರಶ್ನೆಗೆ ಆಲ್ಬಂ ತಾನೇ ಉತ್ತರ ಕೊಡುತ್ತೆ. ಐದನೇ ಹಾಡು 'ಕಟ್ ಡೆಡ್'ನಲ್ಲಿ ಗದ್ದಲವನ್ನ ಪೂರಾ ಇಳಿಸಿಬಿಡ್ತಾರೆ. ಚೆಂದದ ಹಾಡು. ಆದರೆ ಕೇಳ್ತಾ ಕೇಳ್ತಾ ಏನೋ ಮುಜುಗರ ಆಗುತ್ತೆ, ಒಬ್ಬ ನಾಚಿಕೆಯ ಹುಡುಗನನ್ನ ಎಲ್ಲರ ಮುಂದೆ ನಿಲ್ಲಿಸಿ 'ಹೇಳು' ಅಂದ ಹಾಗೆ. ಅದರ ಬೆನ್ನಿಗೇ 'ಇನ್ ಎ ಹೋಲ್' ಮೈಮೇಲೆ ಬಿದ್ದಾಗ ಕಿವಿಗೆ ನೋವಾದರೂ ಜೀವಕ್ಕೆ ಹಾಯೆನಿಸುತ್ತೆ. ಹುಡುಗ ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.

ಸಣ್ಣ ಮನೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಎರಡು ಕೋಣೆ, ಆರು ಜನ. ಫೋನಿನಲ್ಲಿ ಗುಟ್ಟಿನ ಮಾತು ಆಡಬೇಕಂದ್ರ ನಾವು ಏನು ಮಾಡ್ತಿದ್ವಿ? ಟಿವಿ ಸೌಂಡ್ ಏರಿಸ್ತಿದ್ವಿ. ಗದ್ದಲವೇ ನಮಗೆ ಬಾಗಿಲು, ಚಿಲಕ ಎರಡೂ. 'ಸೈಕೋಕ್ಯಾಂಡಿ'ಯ ಗದ್ದಲ ಅಂಥದ್ದು. ಬೇರೆ ಜೋರು ಬ್ಯಾಂಡುಗಳಲ್ಲಿ ಹಾಡುವವನೂ ಸದ್ದಿನ ಜೊತೆ ಪೈಪೋಟಿಗೆ ಬಿದ್ದು ಕಿರುಚ್ತಾನೆ. ಜಿಮ್ ರೀಡ್ ದನಿ ಏರಿಸೋದೇ ಇಲ್ಲ. ಸುತ್ತ ಸದ್ದಿದೆ ಅನ್ನೋ ಧೈರ್ಯದಲ್ಲಿ ತನಗೊಬ್ಬನಿಗೇ ಕೇಳುವಂತೆ ಆಡಿಕೊಳ್ತಾನೆ.

ನಮ್ಮ ಕಡೆಯ ಕಿವಿಗೆ ಈ ರೀತಿ ತೀರಾ ಪರಕೀಯವೂ ಅಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗಿ ಬಡಿತಕ್ಕೆ ಎದೆ ನಡುಗ್ತದ. ಅದೇ ಹಬ್ಬದ ರಿವಾಯತ್ ಪದಗಳಲ್ಲಿ ಇರೋದು ಹಸನ್–ಹುಸೇನರ ಸಾವಿನ ಅಳು. ಅಳುವಿಗೆ ಮೌನವೇ ಬೇಕು ಅಂತ ನಮ್ಮ ಊರುಗಳು ಯಾವತ್ತೂ ನಂಬಿಲ್ಲ.

ಇನ್ನೊಂದು ಉದಾಹರಣೆ ತಂಬೂರಿ. ಅದರ ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ ಸಿಗಿಸ್ತಾರೆ. ದಾರ ಇಲ್ಲದಿದ್ರೆ ತಂತಿ ಬರೀ 'ಟಣ್' ಅನ್ನುತ್ತೆ. ಸರಿಯಾದ ಜಾಗದಲ್ಲಿ ಸಿಗಿಸಿದರೆ ತಂತಿ ಕುದುರೆಗೆ ಸವರಿಕೊಂಡು ಝೇಂಕರಿಸುತ್ತೆ, ಒಂದು ಸ್ವರದೊಳಗಿಂದ ಹತ್ತಾರು ಮೇಲಿನ ಸ್ವರಗಳು ಏಳ್ತವೆ. ಹಿಂದೂಸ್ತಾನಿಯವರು ಇದಕ್ಕೆ 'ಜವಾರಿ' ಅಂತಾರೆ. ಗಿಟಾರಿನ ಫಜ್ ಪೆಡಲ್ ಮಾಡೋದೂ ಇಂಥದೇ ಕೆಲಸ: ಸ್ವರವನ್ನ ಒಡೆದು, ಅದರಲ್ಲಿ ಇಲ್ಲದ ಮೇಲಿನ ಸ್ವರಗಳನ್ನ ಸೇರಿಸೋದು. ತಂಬೂರಿಯದು ಸಮಾಧಾನ, ಪೆಡಲಿನದು ಪುಂಡಾಟ, ಅಷ್ಟೇ ಫರಕು. ಜವಾರಿ ಅಂದ್ರೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇದೆ ಅಲ್ವಾ? ಜವಾರಿ ಬೀಜ, ಜವಾರಿ ಕೋಳಿ, ಜವಾರಿ ಮಾತು. ಎರಡೂ ಅರ್ಥದಲ್ಲಿ ಇದು ಜವಾರಿ ಆಲ್ಬಂ.

ಹೊಗಳಿಕೆಯಲ್ಲಿ ಕುಂದುಗಳನ್ನ ಮುಚ್ಚಬಾರದು. ಸಾಹಿತ್ಯ ತೆಳು. ಹುಡುಗಿ ಅಂದ್ರೆ ಸಿಹಿ ತಿನಿಸು, ಗಂಡಸು ಅಂದ್ರೆ ಮೋಟಾರ್‌ಬೈಕು ಅನ್ನೋ ಹಳೇ ರಾಕ್ ಸಿನಿಮಾದ ಸಾಮಾನುಗಳೇ ಮತ್ತೆ ಮತ್ತೆ ಬರ್ತವೆ. ಹತ್ತನೇ ಹಾಡು 'ಸೋಯಿಂಗ್ ಸೀಡ್ಸ್' ಹೊತ್ತಿಗೆ, ಮೊದಲನೇ ಹಾಡಿನ ಡ್ರಮ್ಮನ್ನೇ ಮತ್ತೊಮ್ಮೆ ಬಡಿಸಿದಾರಲ್ಲ ಅನಿಸುತ್ತೆ. ಆ ದಿನಗಳ ಸುದ್ದಿಯೂ ಹಾಡುಗಳಿಗೆ ಅನ್ಯಾಯ ಮಾಡಿತು. ಕಛೇರಿಗಳಲ್ಲಿ ಇವರು ಜನರಿಗೆ ಬೆನ್ನು ಹಾಕಿ, ಇಪ್ಪತ್ತು ನಿಮಿಷ ನುಡಿಸಿ ಹೊರಟುಬಿಡ್ತಿದ್ದರು. 1985ರ ಮಾರ್ಚಿನಲ್ಲಿ ಲಂಡನ್ನಿನ ನಾರ್ತ್ ಲಂಡನ್ ಪಾಲಿಟೆಕ್ನಿಕ್‌ನಲ್ಲಿ ಜನ ರೊಚ್ಚಿಗೆದ್ದು ಸಾಮಾನು ಒಡೆದರು. ಪತ್ರಿಕೆಗಳಿಗೆ ಗಲಾಟೆ ಸಿಕ್ಕಿತು, ಮ್ಯಾನೇಜರಿಗೆ ಪ್ರಚಾರ ಸಿಕ್ಕಿತು. ಅದೇ ವರ್ಷ ಬಂದ ಈ ಆಲ್ಬಮ್ಮು ಪುಂಡರದ್ದಲ್ಲ, ತಲೆ ಎತ್ತಿ ಮಾತಾಡಲಾರದ ಹುಡುಗರದ್ದು ಅಂತ ಕೇಳಿಸಿಕೊಂಡವರಿಗೆ ಮಾತ್ರ ತಿಳೀತು.

ಹಾಗೆ ಕೇಳಿಸಿಕೊಂಡವರೇ ಮುಂದಿನದನ್ನ ಕಟ್ಟಿದರು. 'ಮೈ ಬ್ಲಡಿ ವ್ಯಾಲೆಂಟೈನ್' 1988ರಲ್ಲಿ 'ಈಸಂಟ್ ಎನಿಥಿಂಗ್', 1991ರಲ್ಲಿ 'ಲವ್‌ಲೆಸ್' ತಂದಿತು. 'ರೈಡ್', 'ಸ್ಲೋಡೈವ್' ಬಂದವು. ಕಾಲಡಿಯ ಪೆಡಲ್ ನೋಡ್ತಾ ತಲೆ ತಗ್ಗಿಸಿ ನುಡಿಸ್ತಿದ್ದ ಇವರಿಗೆಲ್ಲ ಇಂಗ್ಲೆಂಡಿನ ಪತ್ರಿಕೆಗಳು ಗೇಲಿ ಮಾಡಿ ಇಟ್ಟ ಹೆಸರು 'ಶೂಗೇಜ್', ಬೂಟು ನೋಡುವವರು ಅಂತ. ಆ ಸದ್ದು ಬೆಂಗಳೂರಿಗೂ ಬಂತು. 'ಲೌಂಜ್ ಪಿರಾನಾ' ಬ್ಯಾಂಡಿನ 2008ರ 'ಗೋಯಿಂಗ್ ನೋವೇರ್' ಕೇಳಿ ನೋಡಿ. ಆದರೆ ಅದು ಇಂಗ್ಲಿಷಿನದು. ಅದೇ ವರ್ಷ ರಘು ದೀಕ್ಷಿತ್ ಶಿಶುನಾಳ ಶರೀಫರನ್ನ ಗಿಟಾರಿಗೆ ತಂದರು, 2009ರಲ್ಲಿ 'ಸ್ವರಾತ್ಮ' ತನ್ನ ಮೊದಲ ಆಲ್ಬಂ ತಂದಿತು. ಒಂದು ಕಡೆ ಗದ್ದಲ, ಇನ್ನೊಂದು ಕಡೆ ಕನ್ನಡ. ಎರಡೂ ಒಂದೇ ಹಾಡಿನಲ್ಲಿ ಕೂತಿದ್ದನ್ನ ಕೇಳೋ ಆಸೆ ನನಗೆ.

ಯಾಕೆ ಅಂದ್ರೆ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅಕ್ಕಿಗೆ ಪಾಲಿಶ್ ಹಿಡಿಯೋದನ್ನ ನೋಡಿದವರಿಗೆ ಗೊತ್ತು: ಅಕ್ಕಿ ಬೆಳ್ಳಗಾಗ್ತಾ ಹೋದ ಹಾಗೆ ಸತ್ವ ತೌಡಿನ ಜೊತೆ ಹೋಗುತ್ತೆ. ನಮ್ಮ ಹಾಡುಗಳಿಗಷ್ಟೇ ಅಲ್ಲ, ನಮಗೂ ಇದು ನಡೆದಿದೆ. ಬೆಂಗಳೂರಿಗೆ ಬಂದ ಆರು ತಿಂಗಳಲ್ಲಿ 'ಹಿಂಗ' ಹೋಗಿ 'ಹೀಗೆ' ಆಯ್ತು, 'ಬರ್ರಿ' ಹೋಗಿ 'ಬನ್ನಿ' ಆಯ್ತು. ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡುವಾಗ ಉಚ್ಚಾರ ಉಜ್ಜಿ ಉಜ್ಜಿ ನುಣುಪು ಮಾಡಿಕೊಂಡ್ವಿ. ಕೆಲಸಕ್ಕೆ ಅದು ಬೇಕಾಗುತ್ತೆ, ಇರ್ಲಿ. ಹಾಡಿಗೂ ಅದೇ ನಿಯಮ ಯಾಕೆ? ಇವತ್ತು ನಾಲ್ಕು ಟ್ರ್ಯಾಕ್ ಮುದ್ರಿಸೋಕೆ ಅಪ್ಪನ ಪರಿಹಾರದ ದುಡ್ಡು ಬೇಕಿಲ್ಲ, ಕೈಯಲ್ಲಿರೋ ಫೋನ್ ಸಾಕು. ಬೇಕಿರೋದು ಒರಟನ್ನ ಒರಟಾಗೇ ಬಿಡುವ ಎದೆಗಾರಿಕೆ. ಯಲಬುರ್ಗಾದ ಯಾವುದೋ ಕೋಣೆಯಲ್ಲಿ ಅಣ್ಣತಮ್ಮಂದಿರು ಪಂಪ್‌ಸೆಟ್ಟಿನ ಗುಂಯ್ಗುಡುವ ಸದ್ದಿನ ಕೆಳಗೆ ಮೆಲುದನಿಯಲ್ಲಿ ಪ್ರೀತಿಯ ಹಾಡು ಹಾಡಿದರೆ, ದಯವಿಟ್ಟು ಯಾರೂ ಅದನ್ನ ಕ್ಲೀನ್ ಮಾಡೋಕೆ ಹೋಗಬೇಡಿ.

ಅಲ್ಲಿಯವರೆಗೆ 'ಸೈಕೋಕ್ಯಾಂಡಿ' ಇದೆ. ಬಿಡಿ ಹಾಡು ಆರಿಸಬೇಡಿ, ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಕೇಳಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗೋ ರಾತ್ರಿ ಆದರೆ ಇನ್ನೂ ಒಳ್ಳೇದು, ಹಳಿಯ ಸದ್ದೂ ಸೇರಲಿ. ಮೊದಲ ನಾಲ್ಕು ಹಾಡಿಗೆ ತಲೆ ಚಿಟ್ಟು ಹಿಡಿದರೂ 'ಕಟ್ ಡೆಡ್' ತನಕ ತಾಳಿಕೊಳ್ಳಿ. ಅದು ಮುಗಿದಾಗ ಗದ್ದಲ ಮತ್ತೆ ಬರಲಿ ಅಂತ ನಿಮ್ಮ ಮನಸ್ಸು ಕಾಯ್ತಿದ್ದರೆ, ಉಳಿದ ಒಂಬತ್ತು ಹಾಡು ನಿಮ್ಮವೇ.