ಶ್ರೀನಿವಾಸಪುರ: ಎರಡು ಹೆಸರು, ಹನ್ನೊಂದು ಚುನಾವಣೆ

ಕೆ.ಆರ್. ರಮೇಶ್‌ಕುಮಾರ್ ಎಂದರೆ ಮೊದಲು ನೆನಪಾಗುವುದು ಅವರ ಮಾತು. ಕಾನೂನು, ಗಾಂಧಿ, ಹಳ್ಳಿಯ ಗಾದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೆಸೆಯಬಲ್ಲವರು. ಆದರೆ ಶಾಸಕನೊಬ್ಬನನ್ನು ಮಾತಿನಿಂದಷ್ಟೇ ಅಳೆಯಬಹುದೇ?

ಕ್ಷೇತ್ರದ ಲೆಕ್ಕ ನೋಡಿ. 1978, 1985, 1994, 2004, 2013, 2018ರಲ್ಲಿ ಗೆದ್ದವರು ರಮೇಶ್‌ಕುಮಾರ್. 1983, 1989, 1999, 2008, 2023ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ. 45 ವರ್ಷಗಳಲ್ಲಿ ಮೂರನೆಯ ಹೆಸರಿಲ್ಲ. 1994ರಲ್ಲಿ ರಮೇಶ್‌ಕುಮಾರ್ ಜನತಾದಳ, 1999ರಲ್ಲಿ ರೆಡ್ಡಿ ಕಾಂಗ್ರೆಸ್. 2008ಕ್ಕೆ ಬಂದರೆ ರೆಡ್ಡಿ ಜೆಡಿಎಸ್, ಕಾಂಗ್ರೆಸ್ ರಮೇಶ್‌ಕುಮಾರ್ ಅವರದು. ಪಕ್ಷಗಳು ಅದಲುಬದಲಾದವು, ಬಣಗಳು ಹಾಗೇ ಉಳಿದವು. ನೆರೆಯಲ್ಲೂ ಚಿಹ್ನೆಗಿಂತ ವ್ಯಕ್ತಿಯೇ ದೊಡ್ಡವನು. ಕೋಲಾರ 2008 ಮತ್ತು 2013ರಲ್ಲಿ, ಮುಳಬಾಗಿಲು 2013 ಮತ್ತು 2018ರಲ್ಲಿ ಪಕ್ಷೇತರರನ್ನು ಗೆಲ್ಲಿಸಿದವು.

ಬಣ ರಾಜಕೀಯದಲ್ಲಿ ಮತದಾರನಿಗೆ ಬೇಡಿಕೆಯಿರುವುದಿಲ್ಲ, ನಿಷ್ಠೆ ಮಾತ್ರ ಇರುತ್ತದೆ. ನಮ್ಮ ಮೊಹಲ್ಲಾಗಳಿಗೆ ಇದರಿಂದ ಹೆಚ್ಚು ನಷ್ಟ. ಮುಸ್ಲಿಮರ ಮತ ಯಾವ ಕಡೆ ಎಂದು ಎಲ್ಲರೂ ಕೇಳುತ್ತಾರೆ. ಆ ಮತ ಯಾವುದಕ್ಕಾಗಿ ಎಂದು ಯಾರೂ ಕೇಳುವುದಿಲ್ಲ. ಮಾಲೂರಿನಲ್ಲಿ 2023ರಲ್ಲಿ ಘೋಷಣೆಯಾದ ಅಂತರ ಕೇವಲ 248 ಮತ. ಒಂದು ಗಲ್ಲಿಯ ತೂಕ ಅಷ್ಟಿದ್ದರೂ ಆ ಗಲ್ಲಿಯ ಶಾಲೆ, ಚರಂಡಿಯ ಮಾತು ಭಾಷಣದಲ್ಲಿ ಬರುವುದು ಅಪರೂಪ.

ರಮೇಶ್‌ಕುಮಾರ್ ಮಾಡಿದ್ದೇನೂ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಆರೋಗ್ಯ ಸಚಿವರಾಗಿ 2017ರಲ್ಲಿ ಖಾಸಗಿ ಆಸ್ಪತ್ರೆಗಳನ್ನು ಕಾನೂನಿನ ಅಂಕೆಗೆ ತರಲು ಹೊರಟರು. ವೈದ್ಯರು ಮುಷ್ಕರ ಹೂಡಿದರು. ಮಸೂದೆ ಮೊನಚು ಕಳೆದುಕೊಂಡೇ ಅಂಗೀಕಾರವಾಯಿತು. ಆದರೂ ಆಸ್ಪತ್ರೆಯ ಬಿಲ್ಲಿಗಾಗಿ ಹೊಲ ಮಾರುವವರ ಪರ ಸರ್ಕಾರದೊಳಗೆ ಒಬ್ಬರು ನಿಂತಿದ್ದರು. ಸ್ಪೀಕರ್ ಆಗಿ 2019ರಲ್ಲಿ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ಮಾತ್ರ ತೆಗೆದುಹಾಕಿತು.

ಅದೇ ನಾಲಿಗೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅತ್ಯಾಚಾರವನ್ನು ಹಾಸ್ಯದ ಉಪಮೆಯಾಗಿ ಬಳಸಿತು. ಮರುದಿನ ಅವರು ಕ್ಷಮೆ ಕೇಳಿದರು. ನನ್ನನ್ನು ಹೆಚ್ಚು ಕಾಡಿದ್ದು ಅಂದು ಸದನದಲ್ಲಿ ಎದ್ದ ನಗು. ಚೆನ್ನಾಗಿ ಮಾತಾಡುವವರಿಗೆ ನಾವು ಮೊದಲೇ ರಿಯಾಯಿತಿ ಕೊಟ್ಟುಬಿಡುತ್ತೇವೆ. ಹೆಣ್ಣಿನ ನೋವೂ ಆ ರಿಯಾಯಿತಿಯಲ್ಲಿ ಕಳೆದುಹೋಗುತ್ತದೆ.

ಉರ್ದುವಿನಲ್ಲಿ ತಕ್ರೀರ್ ಬೇರೆ, ಗುಫ್ತಗೂ ಬೇರೆ. ಮೊದಲನೆಯದರಲ್ಲಿ ಒಬ್ಬ ಹೇಳುತ್ತಾನೆ, ಉಳಿದವರು ವಾಹ್ ಎನ್ನುತ್ತಾರೆ. ಎರಡನೆಯದರಲ್ಲಿ ಎದುರಿನವನಿಗೂ ಬಾಯಿ ಇರುತ್ತದೆ. ಶ್ರೀನಿವಾಸಪುರಕ್ಕೆ ತಕ್ರೀರಿನ ಕೊರತೆ ಎಂದೂ ಇರಲಿಲ್ಲ. ಮಾವಿನ ಬೆಲೆ ಕುಸಿದಾಗ ಏನು ಮಾಡಿದಿರಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗೆ ಬಂದ ಮೇಲೆ ಅದರ ಶುದ್ಧತೆಗೆ ಹೊಣೆ ಯಾರು ಎಂದು ಎರಡೂ ಬಣಗಳನ್ನು ಕೂರಿಸಿ ಕೇಳುವ ಗುಫ್ತಗೂ ಬೇಕಿದೆ. ಮುಂದಿನ ಚುನಾವಣೆಗೆ ಮೂರನೆಯ ಹೆಸರು ಬಂದರೂ ಕೇಳಬೇಕಾದ ಪ್ರಶ್ನೆ ಇವೇ.