ಓಕ್ ಮರದ ಐತಿಹ್ಯ: ಎರಡನೆಯ ಚಾರ್ಲ್ಸನ ಅಜ್ಞಾತವಾಸ ಮತ್ತು ಜನಸ್ಮೃತಿ

ಸೋತ ಅರಸನು ವೇಷ ಮರೆಸಿಕೊಂಡು ತನ್ನ ಪ್ರಜೆಗಳ ನಡುವೆಯೇ ಅಲೆಯುವುದು ಜನಪದ ಕಥನಗಳಲ್ಲಿ ವ್ಯಾಪಕವಾಗಿ ಕಂಡುಬರುವ ಆಶಯ. ವಿರಾಟನಗರಿಯ ಪಾಂಡವರನ್ನು ಬಲ್ಲ ನಮಗೆ ಇದು ಹೊಸತಲ್ಲ. ಇಂಗ್ಲೆಂಡಿನ ಅಂತರ್ಯುದ್ಧದ ಕೊನೆಯಲ್ಲಿ ಎರಡನೆಯ ಚಾರ್ಲ್ಸನು ಕಳೆದ ಆರು ವಾರಗಳ ಅಜ್ಞಾತವಾಸದ ವಿಶೇಷವೆಂದರೆ, ಚಾರಿತ್ರಿಕ ಘಟನೆಯೊಂದು ಐತಿಹ್ಯವಾದ ಬಗೆಯನ್ನು ದಿನಾಂಕಸಹಿತವಾಗಿ ಗುರುತಿಸಬಹುದಾಗಿರುವುದು. ಆ ಮಾರ್ಪಾಡಿನಲ್ಲಿ ಉಳಿದುದೇನು, ಅಳಿದುದೇನು ಎಂಬುದೇ ಇಲ್ಲಿನ ಪ್ರಶ್ನೆ.

1651ರ ಸೆಪ್ಟೆಂಬರ್ 3ರಂದು ವುಸ್ಟರ್ ಎಂಬಲ್ಲಿ ಕ್ರಾಮ್‌ವೆಲ್ಲನ ಸೈನ್ಯವು, ಬಹುಪಾಲು ಸ್ಕಾಟರಿಂದ ಕೂಡಿದ್ದ ಚಾರ್ಲ್ಸನ ಪಡೆಯನ್ನು ನುಚ್ಚುನೂರು ಮಾಡಿತು. ಅರಸನನ್ನು ಹಿಡಿದುಕೊಟ್ಟವರಿಗೆ 1,000 ಪೌಂಡ್ ಬಹುಮಾನ ಘೋಷಣೆಯಾಯಿತು. ಪೆಂಡೆರೆಲ್ ಎಂಬ ಬಡ ಕ್ಯಾಥೊಲಿಕ್ ಮನೆತನದ ಸೋದರರು ಅವನ ಕೂದಲು ಕತ್ತರಿಸಿ, ಒರಟು ಬಟ್ಟೆ ತೊಡಿಸಿ ಬಚ್ಚಿಟ್ಟರು. ಸೆಪ್ಟೆಂಬರ್ 6ರಂದು ಬಾಸ್ಕೊಬೆಲ್ ಮನೆಯ ಬಳಿಯ ಓಕ್ ಮರದಲ್ಲಿ ಅವನು ಕೇರ್ಲೆಸ್ ಎಂಬ ಸೇನಾಧಿಕಾರಿಯೊಡನೆ ಹಗಲು ಕಳೆದನು. ಅನಂತರ ಜೇನ್ ಲೇನ್ ಎಂಬಾಕೆಯ ಆಳಿನ ವೇಷದಲ್ಲಿ ಪಯಣಿಸಿ, ಅಕ್ಟೋಬರ್ 15ರಂದು ಶೋರ್‌ಹ್ಯಾಮ್‌ನಿಂದ ಹಡಗೇರಿ ಮರುದಿನ ಫ್ರಾನ್ಸ್ ತಲುಪಿದನು.

ಈ ವೃತ್ತಾಂತವನ್ನು ಅರಸನೇ 1680ರಲ್ಲಿ ಹೇಳಿ, ಸ್ಯಾಮ್ಯುಯಲ್ ಪೀಪ್ಸನಿಂದ ಬರೆಸಿದನು. ಅದರಲ್ಲಿ ಕುದುರೆಗೆ ಲಾಳ ಕಟ್ಟಿಸುವ ಪ್ರಸಂಗವೊಂದಿದೆ. ಚಾರ್ಲ್ಸನಿಗೆ ಗಲ್ಲಾಗಬೇಕೆಂದು ಆಳಿನ ವೇಷದ ಅರಸನೇ ಕಮ್ಮಾರನೆದುರು ಹೇಳುತ್ತಾನೆ; ಕಮ್ಮಾರನು ಅವನನ್ನು ಪ್ರಾಮಾಣಿಕನೆಂದು ಮೆಚ್ಚುತ್ತಾನೆ. ಮಾರುವೇಷದ ಕಥೆಗಳ ಎಲ್ಲ ಸೊಗಸೂ ಇಲ್ಲಿದೆ. ಆದರೆ ಇದು 29 ವರ್ಷಗಳ ಅನಂತರ, ಗೆದ್ದು ಸಿಂಹಾಸನದಲ್ಲಿ ಕುಳಿತವನ ಬಾಯಿಂದ ಬಂದ ಮಾತು ಎಂಬುದನ್ನು ಮರೆಯಲಾಗದು. ಕಮ್ಮಾರನು ತನ್ನ ಕಥೆಯನ್ನು ಹೇಗೆ ಹೇಳುತ್ತಿದ್ದನೋ, ಅದು ನಮಗೆ ದೊರೆತಿಲ್ಲ.

ಆಚರಣೆಯಲ್ಲಿ ಈ ಪಲ್ಲಟ ಇನ್ನೂ ಸ್ಪಷ್ಟವಾಗಿದೆ. ಅರಸನು ಮರದಲ್ಲಿ ಅಡಗಿದ್ದು ಸೆಪ್ಟೆಂಬರಿನಲ್ಲಿ. ಜನರು ಓಕ್ ಎಲೆಗಳನ್ನು ಮುಡಿದದ್ದು ಮೇ 29ರಂದು. ಅದು ಅವನ ಹುಟ್ಟುಹಬ್ಬ, 1660ರಲ್ಲಿ ಅವನು ಲಂಡನ್ನಿಗೆ ವಿಜಯಿಯಾಗಿ ಮರಳಿದ ದಿನವೂ ಹೌದು. ಪಾರ್ಲಿಮೆಂಟು ವಿಧಿಸಿದ ಈ ಕೃತಜ್ಞತಾ ದಿನದ ಅಧಿಕೃತ ಮಾನ್ಯತೆ 1859ರವರೆಗೂ ಇದ್ದಿತು. ಹೀಗೆ ಸೋಲಿನ ಗುರುತು ಗೆಲುವಿನ ದಿನಕ್ಕೆ ಸ್ಥಳಾಂತರಗೊಂಡಿತು. ಇದನ್ನು ಕೇವಲ ಜನಪದರ ಸಹಜ ಸೃಷ್ಟಿಯೆನ್ನಲಾಗದು. ಪ್ರಭುತ್ವದ ಪಂಚಾಂಗವೂ ಇಲ್ಲಿ ಕೆಲಸ ಮಾಡಿದೆ.

ಪೆಂಡೆರೆಲ್ ಸೋದರರಿಗೆ ವಂಶಪಾರಂಪರ್ಯವಾದ ವೇತನ ದೊರೆಯಿತೆಂಬುದು ನಿಜ. ಆದರೂ ಹಬ್ಬದ ಲಾಂಛನವಾದದ್ದು ಜೀವದ ಹಂಗು ತೊರೆದ ಮನುಷ್ಯರಲ್ಲ, ಮರ. ಮರಕ್ಕೆ ಮತವಿಲ್ಲ, ಪಕ್ಷವಿಲ್ಲ. ಅರಸನನ್ನು ಕಾಪಾಡಿದವರಲ್ಲಿ ಅನೇಕರು ಕಾನೂನಿನ ಕಣ್ಣಿಗೆ ಶಂಕಿತರಾಗಿದ್ದ ಕ್ಯಾಥೊಲಿಕರು ಎಂಬ ತೊಡಕಿನ ಸತ್ಯವನ್ನು ಅದು ನೆನಪಿಸುವುದಿಲ್ಲ. ವುಸ್ಟರಿನಲ್ಲಿ ಸೆರೆಸಿಕ್ಕ ಸಾವಿರಾರು ಸೈನಿಕರಿಗಂತೂ ಅಡಗಲು ಮರವೇ ಇರಲಿಲ್ಲ. ಅವರಲ್ಲಿ ಹಲವರನ್ನು ಕಡಲಾಚೆಯ ವಸಾಹತುಗಳಿಗೆ ಜೀತಕ್ಕೆ ಸಾಗಿಸಲಾಯಿತು.

ಅರಸನು ತಪ್ಪಿಸಿಕೊಂಡ ಕಥೆಗಳನ್ನು ಅಧ್ಯಯನ ಮಾಡುವವರು ಆಶಯಗಳ ಸಾಮ್ಯವನ್ನು ಪಟ್ಟಿಮಾಡಿ ನಿಂತರೆ ಸಾಲದು. ತಪ್ಪಿಸಿಕೊಳ್ಳಲಾಗದವರ ಕಥೆ ಆ ಐತಿಹ್ಯದ ಯಾವ ಎಡೆಯಲ್ಲಿ ಮೌನವಾಯಿತೆಂಬುದನ್ನೂ ಶೋಧಿಸಬೇಕಾಗಿದೆ.