ಬ್ಯೋಮಕೇಶನನ್ನು ನೋಡುವ ಬಗೆ

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಕನ್ನಡಿಗರಿಗೆ ‘ಬ್ಯೋಮಕೇಶ್ ಬಕ್ಷಿ’ ಮೊದಲ ನೋಟಕ್ಕೆ ಸಪ್ಪೆ. ಧೋತಿ ಉಟ್ಟ ಪತ್ತೇದಾರ ಚಹಾ ಕುಡಿಯುತ್ತಾನೆ, ಪತ್ರಿಕೆ ಓದುತ್ತಾನೆ, ಮಾತಾಡುತ್ತಾನೆ. 1993ರಲ್ಲಿ ದೂರದರ್ಶನದಲ್ಲಿ ಶುರುವಾದ ಈ ಹಿಂದಿ ಧಾರಾವಾಹಿಯ ಮೇಲೆ ಹೊಸ ನೋಡುಗರ ದೂರು ಒಂದೇ, ‘ತೀರಾ ನಿಧಾನ’. ಹಳೆಯ ಅಭಿಮಾನಿಗಳು ಮೆಚ್ಚಿಕೊಂಡದ್ದೂ ಅದನ್ನೇ.

ಆ ನಿಧಾನದ ಬೇರು ಮುಂಬೈಯಲ್ಲಿದೆ. ನಿರ್ದೇಶಕ ಬಾಸು ಚಟರ್ಜಿ ಇಲ್ಲಿನ ‘ಬ್ಲಿಟ್ಜ್’ ವಾರಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದವರು. ‘ಛೋಟೀ ಸೀ ಬಾತ್’ನಲ್ಲಿ ಬಸ್ ಸ್ಟಾಪಿನ ಕ್ಯೂವನ್ನೇ ಪ್ರೇಮಕಥೆಯಾಗಿಸಿದರು, 1986ರ ‘ಏಕ್ ರುಕಾ ಹುವಾ ಫೈಸಲಾ’ದಲ್ಲಿ ಹನ್ನೆರಡು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಸಿನಿಮಾ ಮುಗಿಸಿದರು. ಕೊಲೆಯ ಕಥೆ ಸಿಕ್ಕಾಗಲೂ ಅವರು ಮಾಡಿದ್ದು ಅಷ್ಟೇ: ಜನರನ್ನು ಕೂರಿಸಿ ಮಾತಾಡಿಸಿದರು. ಹಾಗಾಗಿ ಮಾತಾಡುವವನಿಗಿಂತ ಸುಮ್ಮನೆ ಕೂತವನ ಮೇಲೆ ಕಣ್ಣಿಟ್ಟರೆ ಲಾಭ ಹೆಚ್ಚು.

ಮೂಲ ಲೇಖಕ ಶರದಿಂದು ಬಂದ್ಯೋಪಾಧ್ಯಾಯರಿಗೂ ಮುಂಬೈಯ ನಂಟಿತ್ತು. 1932ರಲ್ಲಿ ಬಂಗಾಳಿಯಲ್ಲಿ ಬ್ಯೋಮಕೇಶನನ್ನು ಸೃಷ್ಟಿಸಿದ ಅವರು 1938ರಲ್ಲಿ ಮಲಾಡಿನ ಬಾಂಬೆ ಟಾಕೀಸಿಗೆ ಚಿತ್ರಕಥೆ ಬರೆಯಲು ಬಂದರು. ಸುಮಾರು 15 ವರ್ಷ ಬ್ಯೋಮಕೇಶನ ಹೊಸ ಕಥೆಯೇ ಇಲ್ಲ! ಮುಂಬೈ ಚಿತ್ರರಂಗ ಬಾಯಿ ಕಟ್ಟಿಸಿದ ಪತ್ತೇದಾರನನ್ನು ಮುಂಬೈ ನಿರ್ದೇಶಕರೊಬ್ಬರೇ ಮನೆಮನೆಗೆ ತಂದರು.

ಹೊಸಬರು ‘ಮಕಡೀ ಕಾ ರಸ್’ ಕಂತಿನಿಂದ ಶುರುಮಾಡಬಹುದು. ಕೋಣೆ ಬಿಟ್ಟು ಹೊರಬಾರದ ಮುದುಕನೊಬ್ಬನಿಗೆ ಮನೆಯವರ ಕಾವಲಿದ್ದರೂ ಜೇಡದ ವಿಷದ ಅಮಲು ಸಿಗುತ್ತಲೇ ಇದೆ. ಎಲ್ಲಿಂದ? ಬೇರೆ ಕೇಸಿನಲ್ಲಿ ಮುಳುಗಿರುವ ಬ್ಯೋಮಕೇಶ್ ಗೆಳೆಯ ಅಜಿತನನ್ನು ಕಳಿಸುತ್ತಾನೆ. ಅವನು ತಂದ ವರದಿ ಕೇಳಿಯೇ ಗಂಟು ಬಿಡಿಸುತ್ತಾನೆ. ಅಪರಾಧಿ ಯಾರೆಂದು ಊಹಿಸುವ ಆಟ ಇಲ್ಲಿ ನಡೆಯದು. ಅಜಿತ್ ನೋಡಿಯೂ ಗಮನಿಸದೆ ಬಿಟ್ಟದ್ದು ಏನು ಎಂಬುದೇ ಪ್ರಶ್ನೆ, ಮತ್ತು ಕ್ಯಾಮೆರಾ ಅದನ್ನು ನೋಡುಗನಿಗೂ ತೋರಿಸಿರುತ್ತದೆ. ಪುಸ್ತಕದಲ್ಲಿ ಕಥೆ ಹೇಳುವವನೇ ಅಜಿತ್. ತೆರೆಯ ಮೇಲೆ ಆ ದನಿಯ ಬಹುಪಾಲು ಹೋಗುತ್ತದೆ. ಅದರ ಜಾಗಕ್ಕೆ ಬರುವುದು ಅಜಿತನ ಪಾತ್ರದ ಕೆ.ಕೆ. ರೈನಾ ಅವರ ಮುಖ. ಎಲ್ಲರೂ ರಜಿತ್ ಕಪೂರ್ ಅವರ ಬ್ಯೋಮಕೇಶನನ್ನು ಹೊಗಳುತ್ತಾರೆ, ಸರಿಯೇ. ಆದರೆ ಅವರ ತಣ್ಣಗಿನ ಬುದ್ಧಿವಂತಿಕೆ ಎದ್ದು ಕಾಣುವುದು ಎದುರಿಗೆ ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರೊಬ್ಬರು ಇರುವುದರಿಂದ.

ಕೊರತೆಗಳೂ ಇವೆ. ಕಲಕತ್ತೆಯ ಬೀದಿಗಳು ಕಾಣುವುದು ಕಡಿಮೆ, ಬೆಳಕು ಮಂಕು, ಕೆಲವು ಕಥೆಗಳು ಒಂದೇ ಕಂತಿಗೆ ಉಸಿರುಗಟ್ಟಿ ಮುಗಿಯುತ್ತವೆ. 1997ರ ಎರಡನೇ ಸರಣಿಗೂ ಈ ದೂರು ತಪ್ಪಿದ್ದಲ್ಲ. ಆದರೂ 2020ರ ಲಾಕ್‌ಡೌನಿನಲ್ಲಿ ದೂರದರ್ಶನ ಮರುಪ್ರಸಾರಕ್ಕೆ ಆರಿಸಿದ ಧಾರಾವಾಹಿಗಳಲ್ಲಿ ಇದೂ ಇತ್ತು. ಅದೇ ವರ್ಷದ ಜೂನ್‌ನಲ್ಲಿ ಬಾಸು ಚಟರ್ಜಿ ಮುಂಬೈಯಲ್ಲಿ ತೀರಿಕೊಂಡರು.

ದಿಬಾಕರ್ ಬ್ಯಾನರ್ಜಿಯವರ 2015ರ ಬ್ಯೋಮಕೇಶ್ ಸಿನಿಮಾವನ್ನು ಈ ಧಾರಾವಾಹಿಯ ನಂತರ ನೋಡುವುದು ಒಳ್ಳೆಯದು. ಅಲ್ಲಿನ ಬ್ಯೋಮಕೇಶ್ ಇನ್ನೂ ಕಸುಬು ಕಲಿಯುತ್ತಿರುವ ಹುಡುಗ, ರಕ್ತವೂ ಧಾರಾಳ.